ಪತ್ರಿ ಸೇತುವೆಗೆ ಆ ಹೆಸರು ಬಂದದ್ದು

ತೊರೆಹಾಳದ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಹಿರೇಹಳ್ಳ ಸಿಗುತ್ತದೆ. ಗಾಡಿಗಳೆಲ್ಲ ಈಗ ಸಿಮೆಂಟಿನ ಸೇತುವೆಯ ಮೇಲೆ ಹೋಗುತ್ತವೆ. ಅದರ ಪಕ್ಕದಲ್ಲಿ ಕಾಲ್ನಡಿಗೆಯವರಿಗಷ್ಟೇ ಸಾಲುವ ಹಳೆಯ ಕಬ್ಬಿಣದ ಸೇತುವೆಯೊಂದಿದೆ. ಹೊಸಬರಿಗೆ ಅದರ ರಚನೆ ವಿಚಿತ್ರವೆನಿಸುತ್ತದೆ. ಇಡೀ ಸೇತುವೆ ಕಬ್ಬಿಣದ್ದಾದರೂ ಕಾಲಿಡುವ ಹಾಸು ಮಾತ್ರ ಜಾಲಿಮರದ ಹಲಗೆಯದು. ಎರಡೂ ಬದಿಗೆ ಸೊಂಟದೆತ್ತರದ ದಪ್ಪ ಎರಕದ ಫಲಕಗಳು ನಿಂತಿವೆ, ಅವುಗಳ ತುಂಬ ಮೂರೆಲೆಯ ಉಬ್ಬು ಚಿತ್ರಗಳು. ಊರವರು ಇದನ್ನು ಪತ್ರಿ ಸೇತುವೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಹಳ್ಳಕ್ಕೆ ಯಾವ ಸೇತುವೆಯೂ ಇಲ್ಲದ ಕಾಲದಲ್ಲಿ, ಜೂನಿನಲ್ಲಿ ಮಿರಗದ ಮಳೆ ಹಿಡಿಯಿತೆಂದರೆ ಆಚೆಯ ಸಿಡಿಗಟ್ಟಿಗೂ ಈಚೆಯ ತೊರೆಹಾಳಕ್ಕೂ ನಾಲ್ಕು ತಿಂಗಳು ಮಾತೇ ಇರುತ್ತಿರಲಿಲ್ಲ. ಕಮ್ಮಾರ ಮೋನಪ್ಪನ ಹೆಂಡತಿ ಕಾಳವ್ವ ಮಗಳು ನೀಲವ್ವನನ್ನು ಸಿಡಿಗಟ್ಟಿಗೇ ಕೊಟ್ಟಿದ್ದಳು. ನೀಲವ್ವ ಚೊಚ್ಚಲ ಬಸುರಿ. ಏಳನೆಯ ತಿಂಗಳ ಕುಬಸ, ಅಂದರೆ ಸೀಮಂತ, ಮುಗಿಯದೆ ತವರಿಗೆ ಕರೆತರುವಂತಿಲ್ಲ. ಕುಬಸದ ಹೊತ್ತಿಗೆ ಹಳ್ಳ ತುಂಬಿರುತ್ತದೆ. ಹಾಗಾಗಿ ಆ ಬೇಸಿಗೆಯಲ್ಲಿ ಸರ್ಕಾರ ಮಂಜೂರು ಮಾಡಿದ ಸೇತುವೆಗೆಂದು ಐರ್ಲೆಂಡಿನ ಟಿಯರ್ನನ್ ಕಂಪನಿಯ ಕಬ್ಬಿಣ ಎತ್ತಿನ ಗಾಡಿಗಳಲ್ಲಿ ಬಂದು ಇಳಿದಾಗ, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಕಾಳವ್ವ. ಕಬ್ಬಿಣದ ಜೊತೆ ಬಂದವನು ಕಂಪನಿ ಕಟ್ಟಿದ ಟಿಯರ್ನನ್ ಮನೆತನದ ಮೊಮ್ಮಗ. ಹುಬ್ಬಳ್ಳಿಯ ಕಡೆ ಎರಡು ವರ್ಷ ಕೆಲಸ ಮಾಡಿ ಕನ್ನಡ ಕಲಿತಿದ್ದ. ಊರವರ ಬಾಯಲ್ಲಿ ಅವನು ತಿರಣ್ಣ ಸಾಹೇಬನಾದ. ಅವನ ಅಜ್ಜ ಹಳ್ಳಿಯೊಂದರಲ್ಲಿ ಕುದುರೆಗೆ ಲಾಳ ಕಟ್ಟುತ್ತಿದ್ದವನು. ಆಮೇಲೆ ದೊಡ್ಡ ಮನೆಗಳಿಗೆ ಹೂಬಳ್ಳಿಯ ಗೇಟು, ಉಪ್ಪರಿಗೆಗೆ ಕಂಬಿಗಳ ಕಟಾಂಜನ ಮಾಡಿದ. ಮಕ್ಕಳ ಕಾಲಕ್ಕೆ ಕಂಪನಿ ರೈಲು ನಿಲ್ದಾಣ, ಸೇತುವೆಗಳವರೆಗೆ ಬೆಳೆಯಿತು. ಅಜ್ಜ ತಾನು ಮಾಡಿದ ಪ್ರತಿಯೊಂದರ ಮೇಲೂ ತನ್ನ ನಾಡಿನ ಮೂರೆಲೆಯ ಹುಲ್ಲನ್ನು ಮೂಡಿಸುತ್ತಿದ್ದ. ಕಂಪನಿ ಆ ಪದ್ಧತಿಯನ್ನು ಬಿಟ್ಟಿರಲಿಲ್ಲ.

ಎಡವಟ್ಟಾದದ್ದು ಅಲ್ಲಿಯೇ. ಕಾಲು ಜಾರದಿರಲೆಂದು ಹಾಸಿನ ಫಲಕಗಳ ಮೇಲೆಲ್ಲ ಆ ಮೂರೆಲೆಯನ್ನೇ ಉಬ್ಬಾಗಿ ಎರಕ ಹೊಯ್ದಿದ್ದರು. ಸೇತುವೆ ಮುಗಿದ ದಿನ ಮೊದಲು ದಾಟಬೇಕಾದ ಊರ ಗೌಡರು ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕೆಳೆದುಕೊಂಡರು. "ಶಿವನ ತಲಿ ಮ್ಯಾಲೆ ಏರಿಸೋ ಪತ್ರೀನ ಕಾಲಾಗ ಹಾಸ್ಯಾರಲ್ಲೋ" ಎಂದರು. ಹಿಂದಿದ್ದವರೆಲ್ಲ ಅದು ಬಿಲ್ವಪತ್ರೆಯೇ ಎಂದು ಚಪ್ಪಲಿ ಬಿಟ್ಟು ಕೈಮುಗಿದರು. ತಿರಣ್ಣ ಓಡಿ ಬಂದ.

"ಇದು ಪತ್ರಿ ಅಲ್ರಿ, ನಮ್ಮ ದೇಶದ ಹುಲ್ಲು. ದನ ಮೇಯ್ತಾವ."

"ನಮ್ಮ ದನಾನೂ ಪತ್ರಿ ಮೇಯ್ತಾವ, ಸಾಹೇಬ್ರ. ಹಂಗಂತ ನಾವು ತುಳೀತೀವೇನು?" ಎಂದರು ಗೌಡರು.

ಯಾರೂ ದಾಟಲಿಲ್ಲ. ಎರಡು ವಾರ ಕಳೆದರೂ ದಾಟಲಿಲ್ಲ. ಬೇಡದವರಿಗೆ ಸೇತುವೆ ಯಾಕೆ, ಮಳೆಗೆ ಮೊದಲು ಬಿಚ್ಚಿ ಬೇರೆ ಊರಿಗೆ ಸಾಗಿಸಿ ಎಂದು ಮೇಲಿನಿಂದ ಕಾಗದ ಬಂತು. ಎಲೆಗಳನ್ನು ಉಳಿಯಿಂದ ಕೆತ್ತಿ ಹಾಕೋಣವೆಂದು ಮೋನಪ್ಪ ಹೇಳಿದ. ಪತ್ರಿಗೆ ಉಳಿ ಹಚ್ಚುವುದು ತುಳಿಯುವುದಕ್ಕಿಂತ ಕೆಟ್ಟದ್ದೆಂದರು ಊರವರು. ತಿರಣ್ಣ ಅಜ್ಜನ ಗುರುತಿನ ಮೇಲೆ ಕೈಯಾಡಿಸಿದ.

ಕಾಳವ್ವ ಗಂಡನಿಗೆ ಬುತ್ತಿ ತಂದವಳು ಬೇವಿನ ಮರಕ್ಕೆ ಒರಗಿಸಿದ್ದ ಹೆಚ್ಚುವರಿ ಫಲಕವನ್ನು ನೋಡುತ್ತ ನಿಂತಳು. ಯಾರೋ ಅದಕ್ಕೆ ಕುಂಕುಮ ಹಚ್ಚಿ ಕಣಗಿಲೆ ಹೂ ಇಟ್ಟಿದ್ದರು. ದಾರಿಯಲ್ಲಿ ಹೋಗುವವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವಳು ಗೌಡರನ್ನು ಕರೆಸಿದಳು.

"ಯಪ್ಪಾ, ಕಾಲಾಗ ಬ್ಯಾಡ ಅಂದ್ರಿ. ಕೈಯಾಗ ಹಿಡಿದ್ರ?"

ಗೌಡರು ಮೀಸೆ ತಿರುವಿದರು. "ಕೈಯಾಗ ಹಿಡಿದ್ರ ಪುಣ್ಯ ಬರ್ತದ. ಅದರಾಗೇನು ಕೇಳೋದು?"

"ಹಂಗಾರ ಮಲಗಿದ್ದನ್ನ ಎಬ್ಬಿಸಿ ನಿಲ್ಲಸೂಣು."

ಬದಿಯ ಸರಳುಗಳನ್ನು ತೆಗೆದು ಫಲಕಗಳನ್ನು ಅಲ್ಲಿ ನಿಲ್ಲಿಸುವುದು, ಕಾಲಡಿಗೆ ಜಾಲಿ ಹಲಗೆ ಹಾಸುವುದು ಎಂದಾಯಿತು. ಸೇತುವೆ ಭಾರ ತಡೆಯುತ್ತದೆಂದು ತಿರಣ್ಣ ಲೆಕ್ಕ ಹಾಕಿ ಹೇಳಿದ. ಆದರೆ ನಿಂತ ಫಲಕಗಳನ್ನು ಹಿಡಿದಿಡಲು ಬಿಗಿಪಟ್ಟಿಗಳು ಬೇಕು. ಕಂಪನಿಯಿಂದ ತರಿಸಿದರೆ ಮುಂದಿನ ವರ್ಷದ ಮಾತು. ತೆಗೆದ ಸರಳುಗಳನ್ನೇ ಕಾಯಿಸಿ ಬಡಿದು ಪಟ್ಟಿ ಮಾಡಲು ಮೋನಪ್ಪನ ಕುಲುಮೆ ಹತ್ತಿತು. ಮೋನಪ್ಪ ಇಕ್ಕಳ ಹಿಡಿದ, ಕಾಳವ್ವ ಎಂದಿನಂತೆ ದೊಡ್ಡ ಸುತ್ತಿಗೆ ಎತ್ತಿದಳು, ತಿರಣ್ಣ ಗಾಳಿಯೂದುವ ತಿದಿಯ ಮುಂದೆ ಕುಳಿತ. ಬೆಂಕಿ ಒಮ್ಮೆ ಭುಗಿಲೆನ್ನುವುದು, ಒಮ್ಮೆ ಸಪ್ಪಗಾಗುವುದು.

"ಏನ್ ಸಾಹೇಬ್ರ, ತಿದಿ ಒತ್ತೂದು ನಿಮ್ಮಜ್ಜ ಕಲಿಸಲಿಲ್ಲೇನು?" ಎಂದಳು ಕಾಳವ್ವ.

"ಕಲಿಸಿದ್ದನವ್ವಾ. ಕಚೇರ್ಯಾಗ ಕುಂತು ಮರತೆ."

ಕೊನೆಯ ಪಟ್ಟಿ ಬಿಗಿಯುವಾಗ ಹಳ್ಳದಲ್ಲಿ ಕೆಂಪು ನೀರು ಬಂದಿತ್ತು. ನಾಲ್ಕನೆಯ ದಿನ ಆಚೆ ದಡದಲ್ಲಿ ಕುಬಸದ ಹಸಿರು ಸೀರೆಯುಟ್ಟ ನೀಲವ್ವ ಕಾಣಿಸಿದಳು. ಸೇತುವೆ ಏರಿ ಬಂದವಳು ಕೆಳಗಿನ ಸೆಳವು ನೋಡಿ, ಈ ದಡಕ್ಕೆ ಇನ್ನು ಮೂರು ಫಲಕ ಇರುವಾಗ ನಿಂತುಬಿಟ್ಟಳು. "ಪತ್ರಿ ಹಿಡಕೋ, ನನ್ನ ಮಾರಿ ನೋಡಕೋತ ಬಾ" ಎಂದು ಕಾಳವ್ವ ಕೂಗಿದಳು. ನೀಲವ್ವ ಎಲೆಯ ಮೇಲೆ ಅಂಗೈಯೂರಿ ಉಸಿರು ತೆಗೆದುಕೊಂಡು ದಾಟಿದಳು. ಮಳೆಗಾಲ ಮುಗಿಯುವ ಮೊದಲೇ ಕಮ್ಮಾರರ ಮನೆಯಲ್ಲಿ ತೊಟ್ಟಿಲು ಕಟ್ಟಿದರು ಎನ್ನುತ್ತಾರೆ.

ಇಂದಿಗೂ ನೋಡಬಹುದು: ಕಂಪನಿಯ ಮೊಳೆಗಳ ತಲೆ ಒಂದೇ ಅಚ್ಚಿನ ಗುಂಡು, ಬಿಗಿಪಟ್ಟಿಗಳ ಮೇಲೆ ಮಾತ್ರ ಒಂದರಂತೆ ಒಂದಿಲ್ಲದ ಸುತ್ತಿಗೆಯ ಪೆಟ್ಟುಗಳು. ಸಿಡಿಗಟ್ಟಿಯಿಂದ ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಸಿಮೆಂಟಿನ ಸೇತುವೆಯ ಹತ್ತಿರ ಕಾರಿನಿಂದಿಳಿದು ಈ ಹಲಗೆಗಳ ಮೇಲೆ ನಡೆದೇ ಬರುತ್ತಾರೆ. ತೊರೆಹಾಳದ ಕಡೆಯಿಂದ ಎಣಿಸಿದರೆ ಮೂರನೆಯ ಫಲಕದಲ್ಲಿ ಎಲೆಯ ನರಗಳೇ ಇಲ್ಲ. ಅಂಗೈಗಳು ಸವೆಸಿ ಅದನ್ನು ಕನ್ನಡಿಯಂತೆ ನುಣುಪು ಮಾಡಿವೆ.