ಗಣಪನಿಗೆ ಒಪ್ಪಿಸಿದ ದಾಸವಾಳ

ತಲೆ ಎಂದರೆ ನಮ್ಮೂರ ಕಡೆಯವರ ತಲೆ! ಮಾಲಿ ಮುದ್ದಯ್ಯನನ್ನೇ ನೋಡಿ. ಪೇಟೆಯಲ್ಲಿ ರಿಟೈರ್ಡ್ ತಹಶೀಲ್ದಾರರ ಕೈತೋಟ ಅವನ ಪಾಲಿಗಿತ್ತು. ಬರೀ ಒಂದು ಕಡ್ಡಿ ನೆಟ್ಟು ಕಾಂಪೌಂಡು ಮೀರುವಂತೆ ದಾಸವಾಳ ಬೆಳೆಸಿದ್ದ. ನೀರು ಹಾಕಿದರೂ ಹೂವು, ಮರೆತರೂ ಹೂವು. ಆದರೆ ಬೆಳಕು ಹರಿಯುವಷ್ಟರಲ್ಲಿ ವಾಕಿಂಗಿನವರು ಪೂಜೆಗೆಂದು ಕವರ್ ತುಂಬ ಕಿತ್ತುಕೊಂಡು ಹೋಗಿರುತ್ತಿದ್ದರು.

"ನಾಳೆಯಿಂದ ಯಾರೂ ಒಂದು ಹೂವನ್ನೂ ಮುಟ್ಟಕೂಡದು. ಮುಟ್ಟಿದರೆ ನಿನ್ನ ಕೆಲಸ ಹೋಯಿತು ಅಂತ ತಿಳಿ!" ಎಂದು ಸಾಹೇಬರು ಗುಡುಗಿದರು.

"ಯಾರೂ ಅಂದ್ರೆ ಯಾರೂನಾ, ಬುದ್ಧಿ?"

"ಯಾರೂ ಅಂದರೆ ಯಾರೂ!"

ಮುದ್ದಯ್ಯ ಗಿಡದ ಬುಡಕ್ಕೆ ಗುಂಡುಕಲ್ಲೊಂದನ್ನು ನೆಟ್ಟು ಕುಂಕುಮ ಬಳಿದ. ಬೆಳಿಗ್ಗೆ ಕವರ್ ಹಿಡಿದು ಬಂದವರಿಗೆ, "ಗಿಡಕ್ಕೆ ಗಿಡಾನೇ ಗಣಪನಿಗೆ ಒಪ್ಪಿಸಿದೀವಿ ತಾಯಿ. ಒಂದ್ಸಲ ಏರಿಸಿದ ಹೂವನ್ನ ಮತ್ತೆ ದೇವರಿಗೆ ಏರಿಸ್ತೀರಾ?" ಎಂದ. ಅವರು ಕೆನ್ನೆ ಬಡಿದುಕೊಂಡು, ಕಲ್ಲಿಗೇ ಕೈಮುಗಿದು ಹೋದರು.

ಆಮೇಲೆ ಮಡಿಯುಟ್ಟ ಸಾಹೇಬರು ಹೂಬುಟ್ಟಿ ಹಿಡಿದು ಬಂದು ಗಿಡಕ್ಕೆ ಕೈ ಚಾಚಿದರು. ಬೆಳಿಗ್ಗೆಯ ಮಾತೆಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಬಾಗಿಲಿಂದ ಕೂಗಿದರು: "ರೀ! ನಿರ್ಮಾಲ್ಯಕ್ಕೆ ಕೈ ಹಾಕ್ತೀರಾ? ಆ ಹೂವು ನನ್ನ ದೇವರಮನೆಗೆ ಬರಕೂಡದು!"

"ಏನೋ ಇದು, ಮುದ್ದ?"

"ತಮ್ಮ ಅಪ್ಪಣೆ, ಬುದ್ಧಿ. ಯಾರೂ ಅಂದ್ರೆ ಯಾರೂ."

"ಆ ಕಲ್ಲು ಕಿತ್ತು ಬಿಸಾಕು!"

"ಗಣಪನ್ನ ಕೀಳೋ ಧೈರ್ಯ ನನಗೆಲ್ಲಿ? ತಾವೇ ಕೀಳಿ."

ಸಾಹೇಬರು ಕಲ್ಲನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಬುಟ್ಟಿ ಹಿಡಿದು ಒಳಗೆ ಹೋದರು.

ಮರುದಿನ ನಸುಕಿನಲ್ಲಿ ಮುದ್ದಯ್ಯ ಕೆಲಸಕ್ಕೆ ಬರುವಾಗ ಹಿಂದಿನ ಬೀದಿಯಲ್ಲಿ ಬೇರೆಯವರ ಮನೆಯ ಕಾಂಪೌಂಡಿನ ಬಳಿ ಯಾರೋ ತುದಿಗಾಲಲ್ಲಿ ನಿಂತು ಹೂವಿಗೆ ಕೈ ಚಾಚಿದ್ದರು. ಕೈಯಲ್ಲಿ ಕವರ್, ತಲೆಗೆ ಮಂಕಿ ಟೋಪಿ. ಟೋಪಿಯೊಳಗಿನ ಮೀಸೆ ಮಾತ್ರ ಸಾಹೇಬರದೇ.

"ಬುದ್ಧಿ, ಕೊಂಬೆ ಬಗ್ಗಿಸ್ಲಾ?" ಎಂದ ಮುದ್ದಯ್ಯ.