ಮಡಚಿದ ಎಲೆ

ಹೂದೋಟಕ್ಕೆ ನೀರುಣಿಸುವ ಝಾರಿಗೆ ಉಪಚಾರದ ಹುಚ್ಚು. ಬಡಿಸುವಾಗ 'ಸಾಕು' ಅನ್ನುವವರಿಗೆ ಇನ್ನೂ ಬೇಕಿರುತ್ತದೆ ಎಂಬುದು ಅದರ ನಂಬಿಕೆ. ಹಾಗಾಗಿ ಮಾಗಿಯ ಚಳಿಯಲ್ಲೂ ರೋಸ್‌ಮೇರಿ ಗಿಡ ಸಾಕೆಂದಷ್ಟೂ ಅದು ಇನ್ನೂ ಹೆಚ್ಚು ನೀರು ಸುರಿಯಿತು.

ಗಿಡ ಜೋತುಬಿತ್ತು.

"ಅಯ್ಯೋ, ಚಳಿ ತಾಗಿತೇ?" ಎಂದಿತು ಝಾರಿ.

"ಚಳಿ ನನಗೆ ಲೆಕ್ಕಕ್ಕಿಲ್ಲ ತಾಯಿ. ನಿಮ್ಮ ಉಪಚಾರಕ್ಕೆ ಬೇರು ಕೊಳೆಯುತ್ತಿದೆ!"

ಝಾರಿಯ ಮುಖ ಸಪ್ಪಗಾಯಿತು. "ಹೊಟ್ಟೆ ತುಂಬಿದವರು ಎಲೆ ಮಡಚಬೇಕಲ್ಲವೇ? ನೀವು ಮಡಚಿದ್ದು ನಾನಂತೂ ಕಾಣೆ."

"ಸರಿಯಾಗಿ ನೋಡಿ," ಎಂದಿತು ರೋಸ್‌ಮೇರಿ. "ಹುಟ್ಟಿದಾಗಿನಿಂದ ನನ್ನ ಎಲೆಗಳು ಮಡಚಿಕೊಂಡೇ ಇವೆ."

ಝಾರಿ ದಿಟ್ಟಿಸಿತು. ನಿಜ, ಸೂಜಿಯಂಥ ಒಂದೊಂದು ಎಲೆಯ ಅಂಚೂ ಒಳಕ್ಕೆ ಮಡಚಿಕೊಂಡಿತ್ತು.

"ತಪ್ಪಾಯಿತು, ಕ್ಷಮಿಸಿ," ಎಂದು ಅದು ನಾಚಿ ತಲೆ ಬಗ್ಗಿಸಿತು.

ಒಳಗೆ ಉಳಿದಿದ್ದ ನೀರೆಲ್ಲ ರೋಸ್‌ಮೇರಿಯ ಬುಡಕ್ಕೆ ಸುರಿಯಿತು.