ಲಾಡ್ಲೇಸಾಬ ಗಾಳಿ ಕೊಟ್ಟದ್ದು

ಕೇಳ್ರಿ, ಇದು ನಮ್ಮಜ್ಜಿಯ ಬಾಯಿಂದ ಬಂದ ಮಾತು. ಬಹಳ ಹಿಂದೆ, ಎರೆಸೀಮೆಯ ಒಂದೂರಲ್ಲಿ, ಲಾಡ್ಲೇಸಾಬ ಎಂಬ ಮಿಸ್ತ್ರಿ ಇದ್ದನಂತೆ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ಅದರ ರೋಗ ಹೇಳುತ್ತಿದ್ದನಂತೆ. ಅವನು ಕೆಮ್ಮಿದರೆ ಸಾಕು, ಸತ್ತ ಟ್ರ್ಯಾಕ್ಟರು ಎದ್ದು ಕೂರುತ್ತಿತ್ತು ಅನ್ನುವವರೂ ಇದ್ದಾರೆ. ಇರಲಿ.

ಎರೆಮಣ್ಣು ನಿಮಗೆ ಗೊತ್ತು. ಒಣಗಿದರೆ ಕಲ್ಲು, ನೆನೆದರೆ ಹಿಡಿದ ಕಾಲು ಬಿಡದು. ಊರಿಗೆಲ್ಲ ಇದ್ದದ್ದು ಒಂದೇ ಹಳೇ ಪಿಕಪ್ಪು, ಓಡಿಸುವವನು ಗುರುಬಸು. ಕೆಸರಲ್ಲಿ ಅದರ ಹಿಂದಿನ ಒಂದು ಗಾಲಿ ಸುಮ್ಮನೆ ನಿಲ್ಲುತ್ತಿತ್ತು, ಜಾರುವ ಗಾಲಿ ಮಾತ್ರ ಗರಗರ ತಿರುಗುತ್ತಿತ್ತು. ಅದಕ್ಕೆ ಲಾಡ್ಲೇಸಾಬ ಗುಜರಿಯಿಂದ ಒಂದು ಲಾಕ್ ತಂದು ಹಾಕಿದ್ದ. ಗುಂಡಿ ಒತ್ತಿದರೆ ಸಣ್ಣ ಮೋಟರು ಪೈಪಿನೊಳಗೆ ಗಾಳಿ ನೂಕುವುದು, ಆ ಗಾಳಿ ಹಿಂದಿನ ಅಚ್ಚಿಗೆ ಹೋಗಿ ಎರಡೂ ಗಾಲಿಗಳನ್ನು ಜೋಡೆತ್ತಿನ ಹಾಗೆ ಕಟ್ಟುವುದು.

ಒಂದು ಮಳೆಗಾಲದ ಮಧ್ಯಾಹ್ನ, ತೊಗರಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಕಾಶವ್ವನ ಕೈಗೆ ಕೊಳಕುಮಂಡಲ ಹಾವು ಕಚ್ಚಿತು. ಆಸ್ಪತ್ರೆ ಇದ್ದದ್ದು ಹನ್ನೆರಡು ಮೈಲಿ ದೂರ. ಅವಳನ್ನು ಪಿಕಪ್ಪಿನಲ್ಲಿ ಮಲಗಿಸಿದರು. ಗಂಡ ಯಮನಪ್ಪ ತಲೆಯ ಹತ್ತಿರ ಕೂತ. ಹೊಲದ ಹೆಂಗಸರು ಐದು ಜನ ಹತ್ತಿದರು, ಅವರಲ್ಲಿ ನಮ್ಮಜ್ಜಿಯೂ ಒಬ್ಬಳು. ಯಾರೂ ಕರೆಯದಿದ್ದರೂ ಲಾಡ್ಲೇಸಾಬ ತನ್ನ ಚೀಲ ಹಿಡಿದು ಹತ್ತಿದ.

ಅರ್ಧ ದಾರಿಯಲ್ಲಿ, ಡಾಂಬರು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಗಾಡಿ ಹುಗಿಯಿತು.

ಗುರುಬಸು ಗುಂಡಿ ಒತ್ತಿದ. ಮೋಟರು ಗುಂಯ್ ಅಂದಿತು, ಲಾಕ್ ಬೀಳಲಿಲ್ಲ. ಮತ್ತೆ ಒತ್ತಿದ. ಮತ್ತೆ ಒತ್ತಿದ. ಗಾಲಿ ಇನ್ನೂ ಕೆಳಗೆ ಇಳಿಯಿತು. ಕಾಶವ್ವನ ಕೈ ಮೊಣಕೈವರೆಗೆ ಬಾತಿತ್ತು, ಒಸಡಿನಿಂದ ರಕ್ತ ಜಿನುಗುತ್ತಿತ್ತು. ಹೆಂಗಸರು ಅಳತೊಡಗಿದರು.

"ಎಲ್ಲಾರೂ ಬಾಯಿ ಮುಚ್ರಿ!" ಅಂದ ಲಾಡ್ಲೇಸಾಬ. ಅವನು ಜೋರಾಗಿ ಮಾತಾಡಿದ್ದು ಅವತ್ತು ಒಂದೇ ಸಲವಂತೆ.

ಎಂಜಿನ್ ನಿಲ್ಲಿಸಿದರು. ಗಾಳಿಯ ಮೋಟರು ಮಾತ್ರ ಬ್ಯಾಟರಿಯ ಮೇಲೆ ಗುಂಯ್ ಅನ್ನುತ್ತಲೇ ಇತ್ತು. ಗಾಳಿ ತುಂಬಿದರೆ ಮೋಟರು ತಾನೇ ನಿಲ್ಲಬೇಕು. ಇದು ನಿಲ್ಲುತ್ತಿಲ್ಲ ಅಂದರೆ ಗಾಳಿ ಎಲ್ಲೋ ಸೋರುತ್ತಿದೆ. ಅವನು ಕೆಸರಲ್ಲಿ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿದ, ಕಿವಿ ಹಚ್ಚಿದ. ಸೈಲೆನ್ಸರಿನ ಹತ್ತಿರ ಸುಯ್ ಅನ್ನುವ ಸದ್ದು. ಪೈಪು ಅಲ್ಲಿ ಬಿಸಿಗೆ ಕರಗಿ ತೂತಾಗಿತ್ತು. ಅಷ್ಟರಲ್ಲಿ ಸುಟ್ಟ ವಾಸನೆ ಬಂತು, ಮೋಟರು ನಿಂತೇ ಹೋಯಿತು.

"ಮೋಟರ್ ಸತ್ತತಿ ಕಾಕಾ," ಅಂದ ಗುರುಬಸು.

ಗಾಡಿಯ ಕೆಳಗಿನಿಂದ ಲಾಡ್ಲೇಸಾಬ ಅಂದ, "ಸ್ಟೆಪ್ನಿ ಇಳಸು ತಮ್ಮಾ. ಅದರಾಗ ಗಾಳಿ ಐತೇನು?"

"ನಿನ್ನೆನಽ ಹೊಡಿಸೇನಿ."

ಲಾಡ್ಲೇಸಾಬನ ಚೀಲದಲ್ಲಿ ಒಡೆದ ಕಾಲುಪಂಪು ಇತ್ತು. ಅದರ ರಬ್ಬರಿನ ಕೊಳವೆಯನ್ನು, ವಾಲ್ವು ಕಚ್ಚುವ ಬಾಯಿಯ ಸಮೇತ, ಕೊಯ್ದುಕೊಂಡ. ಅಚ್ಚಿನಿಂದ ಬಂದ ಪೈಪನ್ನು ತೂತಿನ ಈಚೆಗೆ ಕತ್ತರಿಸಿ, ಬಿಚ್ಚಿ, ಹಿಂದಕ್ಕೆ ಎಳೆದು, ಕೊಳವೆಗೆ ಸೇರಿಸಿ ತಂತಿ ಸುತ್ತಿದ. ಸ್ಟೆಪ್ನಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯ ತುದಿಯಲ್ಲಿ ಕೂತ. ಇದ್ದದ್ದು ಒಂದು ಗಾಲಿಯ ಗಾಳಿ. ಸೋರಿದರೆ ಮತ್ತಿಲ್ಲ.

ಕೊಳವೆಯ ಬಾಯಿಯನ್ನು ಸ್ಟೆಪ್ನಿಯ ವಾಲ್ವಿಗೆ ಕಚ್ಚಿಸಿದ. ಗಾಳಿ ಹೋಯಿತು. ಜೋಡಣೆಯಲ್ಲಿ ಸೋರುವುದು ಕೇಳಿ ಎರಡೂ ಕೈಯಿಂದ ಹಿಚುಕಿ ಹಿಡಿದ. ಗಾಡಿಯ ಕೆಳಗೆ ಕಟ್ ಅಂತ ಒಂದು ಸಣ್ಣ ಸದ್ದು, ಲಾಕ್ ಬಿತ್ತು.

"ಗಾಡಿ ಬಿಡು, ಮೆಲ್ಲಕ ಬಿಡು," ಅಂದ ಲಾಡ್ಲೇಸಾಬ. ಗುರುಬಸು ಎಂಜಿನ್ ಚಾಲೂ ಮಾಡಿದ.

ಎರಡೂ ಗಾಲಿ ಒಟ್ಟಿಗೆ ತಿರುಗಿದವು. ಹೆಂಗಸರು ಮೊಣಕಾಲುದ್ದ ಕೆಸರಲ್ಲಿ ಹೆಗಲು ಕೊಟ್ಟರು. ಗಾಡಿ ನರಳಿತು, ಅಲುಗಿತು, ಒಂದು ಮಾರು ಬಂತು, ಇನ್ನೊಂದು ಮಾರು ಬಂತು, ಡಾಂಬರು ಹತ್ತಿತು. ಕೊಳವೆ ಕಿತ್ತಾಗ ಅವನ ಅಂಗೈಯಲ್ಲಿ ತಂತಿ ಇಳಿದು ರಕ್ತ ಸೋರುತ್ತಿತ್ತಂತೆ.

ಕಾಶವ್ವ ಉಳಿದಳು. ಮೂರನೇ ದಿನ ಗಂಜಿ ಕೇಳಿದಳು.

ಅವನು ಬಾಯಿಂದಲೇ ಊದಿ ಗಾಡಿ ಎತ್ತಿದ ಅಂತಾರೆ. ಆಸ್ಪತ್ರೆ ಮುಟ್ಟುವವರೆಗೂ ಉಸಿರು ತಗೊಳ್ಳಲೇ ಇಲ್ಲ ಅಂತಾರೆ. ನಮ್ಮಜ್ಜಿ ನಕ್ಕು, ಸ್ಟೆಪ್ನಿ ಗಾಳಿ ಅದು, ಅನ್ನುತ್ತಿದ್ದಳು. ಅವಳು ಹೇಳುತ್ತಿದ್ದ ದೊಡ್ಡ ಮಾತು ಬೇರೆ.

ಆಸ್ಪತ್ರೆಯ ಕಟ್ಟೆಯ ಮೇಲೆ ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಅವನು ಎದ್ದು ಹೋಗಿ, ಗಾಡಿಯಿಂದ ಆ ಕರಗಿದ ಪೈಪಿನ ತುಂಡು ಕೊಯ್ದು ತಂದು, ಯಮನಪ್ಪನ ಮುಂದೆ ಇಟ್ಟ.

"ಸೈಲೆನ್ಸರ್ ಮಗ್ಗಲಕ ಇದನ್ನ ಕಟ್ಟಿದಾಂವ ನಾನಽ. ಯಾರಿಗೂ ತೋರಿಸಲಿಲ್ಲ. ನನಗ ಎಲ್ಲಾ ಗೊತ್ತೈತಿ ಅನಕೊಂಡಿದ್ದೆ. ನಿನ್ನ ಹೇಣ್ತಿ ಹೋಗಿದ್ರ ಹಾವಿಂದಲ್ಲ, ನನ್ನಿಂದ ಹೋಗ್ತಿದ್ಲು."

ಯಮನಪ್ಪ ಆ ತುಂಡನ್ನು ಎತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ಲಾಡ್ಲೇಸಾಬನ ಕೈ ಹಿಡಿದು ನೋಡಿ, ಒಳಗೆ ಕರೆದುಕೊಂಡು ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿಸಿದನಂತೆ.

ಅಲ್ಲಿಂದ ಮುಂದೆ ಲಾಡ್ಲೇಸಾಬ ಯಾವ ಗಾಡಿಯನ್ನೂ ಒಬ್ಬನೇ ನೋಡಿ ಬಿಡಲಿಲ್ಲ. ಹಾದಿಯಲ್ಲಿ ಹೋಗುವವನನ್ನಾದರೂ ಕರೆದು, ಕೆಳಗೆ ಬಗ್ಗಿಸಿ, "ನೋಡಪಾ, ನನಗ ಕಾಣದ್ದು ನಿನಗ ಕಾಣ್ತದೇನು?" ಅನ್ನುತ್ತಿದ್ದ.

ಈಗಲೂ ಆ ಕಡೆಯ ಗ್ಯಾರೇಜುಗಳಲ್ಲಿ ಮಾಡಿದ ಕೆಲಸವನ್ನು ಇನ್ನೊಬ್ಬ ನೋಡದೆ ಗಾಡಿ ಹೊರಗೆ ಬಿಡುವುದಿಲ್ಲ. ಹಾಗೆ ನೋಡುವ ಆ ಇನ್ನೊಬ್ಬನಿಗೆ ಅಲ್ಲಿ ಲಾಡ್ಲೇಸಾಬ ಅಂತಲೇ ಹೆಸರು. ಗ್ಯಾರೇಜು ಬಿಡಿ, ಸೊಸೆ ಸಾರು ಕುದಿಸಿದರೂ, ಗೌಂಡಿ ಗೋಡೆ ಎಬ್ಬಿಸಿದರೂ, ಕೆಲಸ ಮುಗಿಯಿತು ಅಂದವರನ್ನು ಹಿರಿಯರು ಕೇಳುವುದು ಒಂದೇ:

"ಲಾಡ್ಲೇಸಾಬಗ ತೋರಿಸೀ ಏನು?"